ಮಿದುಳಿಗೆ ಜೀನ್ ತಲುಪಿಸುವುದು: ಇಲಿಯಲ್ಲಿ ಗೆದ್ದ ವೈರಸ್ ಮನುಷ್ಯರ ತನಕ ಯಾಕೆ ಬರಲಿಲ್ಲ?

ಶ್ರೀನಿಧಿ

ಎಲ್ಲರಿಗೂ ನಮಸ್ಕಾರ. ಜೀವವಿಜ್ಞಾನ ನನ್ನ ವಿಷಯ ಅಲ್ಲ, ಆದರೂ ಜೀನ್ ಥೆರಪಿ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ರಕ್ತದಲ್ಲಿರುವ ಹೆಚ್ಚಿನ ವಸ್ತುಗಳನ್ನು ಮಿದುಳಿನೊಳಗೆ ಬಿಡದ ರಕ್ತ-ಮಿದುಳಿನ ತಡೆಗೋಡೆ ಇದೆ, ಅದೇ ಈ ಕ್ಷೇತ್ರದ ದೊಡ್ಡ ತಲೆನೋವು ಅನ್ನುವಷ್ಟು ಗೊತ್ತು. ಜೀನ್ ಹೊತ್ತೊಯ್ಯಲು ಎಎವಿ ಎಂಬ ಚಿಕ್ಕ ವೈರಸ್ಸನ್ನು ಬಳಸುತ್ತಾರೆ, ಎಎವಿ9 ಅದರ ಒಂದು ಬಗೆ. 2016ರಲ್ಲಿ ಕ್ಯಾಲ್ಟೆಕ್‌ನವರು ಎಎವಿ-ಪಿಎಚ್‌ಪಿ.ಬಿ ಎಂಬ ವೈರಸ್ ಕವಚ ಮಾಡಿದರು. ಇಲಿಯ ರಕ್ತನಾಳಕ್ಕೆ ಕೊಟ್ಟರೆ ಸಾಕು, ಎಎವಿ9ಗಿಂತ ಕನಿಷ್ಠ 40 ಪಟ್ಟು ಹೆಚ್ಚು ಜೀನ್ ಮಿದುಳಿಗೆ ಹೋಗುತ್ತದೆ ಅಂತ ಓದಿ ಖುಷಿಪಟ್ಟಿದ್ದೆ. ಅದಾಗಿ ಇಷ್ಟು ವರ್ಷವಾಯಿತು. ಮಕ್ಕಳ ಮಿದುಳಿನ ಜೆನೆಟಿಕ್ ಕಾಯಿಲೆಗಳಿಗೆ ಅದು ಯಾಕೆ ಬಳಕೆಗೆ ಬರಲಿಲ್ಲ? ದುಡ್ಡಿನ ಸಮಸ್ಯೆಯೋ, ಅನುಮತಿಯದ್ದೋ, ಅಥವಾ ವಿಜ್ಞಾನದಲ್ಲೇ ಎಲ್ಲೋ ತೊಡಕಿದೆಯೋ? ಈ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ಬಿಡಿಸಿ ಹೇಳಿ.

ವಾಣಿ (ನರವಿಜ್ಞಾನ)

ತೊಡಕು ವಿಜ್ಞಾನದಲ್ಲೇ ಇತ್ತು ಶ್ರೀನಿಧಿ ಅವರೇ. ನಾನು ಎಎವಿ ಜೊತೆ ದಿನಾ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ತಡೆಗೋಡೆ ಅಂದರೆ ಏನು ಅನ್ನೋದು. 1885ರಲ್ಲಿ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಬಿಟ್ಟು ನೋಡಿದ. ಎಲ್ಲ ಅಂಗಕ್ಕೂ ಬಣ್ಣ ಹತ್ತಿತು, ಮಿದುಳಿಗೆ ಹತ್ತಲಿಲ್ಲ. ಮಿದುಳಿಗೆ ಆ ಬಣ್ಣ ಅಂಟುವುದಿಲ್ಲ ಅಂತ ಅವನು ಅಂದುಕೊಂಡ. 1913ರಲ್ಲಿ ಅವನ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ಮಿದುಳಿನ ಸುತ್ತ ಇರುವ ದ್ರವಕ್ಕೇ ಹಾಕಿದ. ಆಗ ಮಿದುಳು ನೀಲಿಯಾಯಿತು, ಮೈಯ ಉಳಿದ ಭಾಗ ಹಾಗೇ ಉಳಿಯಿತು. ಬಣ್ಣ ಅಂಟುತ್ತದೆ, ಆದರೆ ರಕ್ತದಿಂದ ಒಳಗೆ ಬರುವ ದಾರಿ ಇಲ್ಲ ಅಂತಾಯಿತು. ಆ ತಡೆ ಇರುವುದು ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಒಳಮೈಯ ಎಂಡೋಥೀಲಿಯಲ್ ಕೋಶಗಳಲ್ಲಿ ಅಂತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದ್ದು 1967ರಲ್ಲಿ. ಈ ಕೋಶಗಳು ಅಕ್ಕಪಕ್ಕ ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಸಂದಿಯಲ್ಲಿ ನುಸುಳಲು ಜಾಗವಿಲ್ಲ. ಹಾಗಾಗಿ ಏನೇ ಬಂದರೂ ಕೋಶದ ಒಳಗಿಂದಲೇ ದಾಟಬೇಕು, ಅದಕ್ಕೆ ಕೋಶದ ಮೇಲ್ಮೈಯಲ್ಲಿ ಯಾವುದಾದರೊಂದು ರಿಸೆಪ್ಟರ್ ಅದನ್ನು ಹಿಡಿದು ಒಳಗೆಳೆದುಕೊಳ್ಳಬೇಕು.

ಈಗ ಪಿಎಚ್‌ಪಿ.ಬಿ. ಬೆಂಜಮಿನ್ ಡೆವರ್ಮನ್, ವಿವಿಯಾನಾ ಗ್ರಾಡಿನಾರು ಅವರ ತಂಡ ಎಎವಿ9ರ ಕವಚದಲ್ಲಿ ಒಂದು ಜಾಗಕ್ಕೆ 7 ಅಮೈನೋ ಆಮ್ಲಗಳ ತುಣುಕು ಸೇರಿಸಿತು. ಅಸಂಖ್ಯ ಬೇರೆಬೇರೆ ತುಣುಕುಗಳನ್ನು ಇಲಿಗೆ ಕೊಟ್ಟು, ಮಿದುಳಿನ ಕೋಶದ ಒಳಗೆ ನಿಜವಾಗಿ ಹೊಕ್ಕವನ್ನು ಮಾತ್ರ ಹೆಕ್ಕಿ ತೆಗೆದರು. ಗೆದ್ದದ್ದು ಪಿಎಚ್‌ಪಿ.ಬಿ. ಅದು ಹೇಗೆ ದಾಟಿತು ಅನ್ನುವುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಅದನ್ನೇ ಬಾಲ್ಬ್/ಸಿ ಎಂಬ ಇನ್ನೊಂದು ತಳಿಯ ಇಲಿಗೆ ಕೊಟ್ಟರು. ದಾಟಲೇ ಇಲ್ಲ. ಕೋತಿಗೆ ಕೊಟ್ಟರು, ಅಲ್ಲೂ ಎಎವಿ9ಗಿಂತ ಹೆಚ್ಚೇನೂ ಸಿಗಲಿಲ್ಲ. ಮೂಲ ಪ್ರಯೋಗ ನಡೆದಿದ್ದ ಸಿ57ಬಿಎಲ್/6 ತಳಿಯಲ್ಲಿ ಮಾತ್ರ ಅಂಥ ಫಲ! ಕಾರಣ ತಿಳಿದದ್ದು 2019ರಲ್ಲಿ. ಆ ತಳಿಯ ಮಿದುಳಿನ ರಕ್ತನಾಳದ ಮೇಲೆ ಎಲ್‌ವೈ6ಎ ಎಂಬ ಪ್ರೋಟೀನ್ ಇದೆ, ವೈರಸ್ ಅದನ್ನು ಹಿಡಿದುಕೊಂಡು ಒಳಗೆ ಹೋಗುತ್ತಿತ್ತು. ಬಾಲ್ಬ್/ಸಿಯಲ್ಲಿ ಆ ಜೀನ್ ಸ್ವಲ್ಪ ಬೇರೆ ಥರ. ಮನುಷ್ಯರಲ್ಲಿ ಆ ಪ್ರೋಟೀನೇ ಇಲ್ಲ.

ಅಂದರೆ ಇಲಿಯ ಒಂದು ತಳಿಯ ಬೀಗಕ್ಕೆ ಸರಿಹೋಗುವ ಕೀಲಿಯನ್ನು ಬಹಳ ಚೆನ್ನಾಗಿ ಕೆತ್ತಿದ್ದರು. ನರವಿಜ್ಞಾನದ ಲ್ಯಾಬುಗಳಿಗೆ ಅದರಿಂದ ದೊಡ್ಡ ಉಪಕಾರವಾಗಿದೆ, ನಾವು ಈಗಲೂ ಅದರ ಮುಂದಿನ ರೂಪ ಪಿಎಚ್‌ಪಿ.ಇಬಿಯನ್ನು ಬಳಸುತ್ತೇವೆ. ಮಗುವಿಗೆ ಕೊಡುವ ಮಾತೇ ಇಲ್ಲ.

ಕಿರಣ್

ವಾಣಿ ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ಇದನ್ನೆಲ್ಲ ಓದಿದರೆ ನನಗೆ ಅನಿಸುವುದು ಒಂದೇ: ವೈರಸ್ಸನ್ನೇ ಬಿಟ್ಟುಬಿಡಬೇಕು. ಕೊಬ್ಬಿನ ನ್ಯಾನೊಕಣದಲ್ಲಿ, ಪ್ರೋಟೀನ್ ಮಾಡಲು ಕೋಶಕ್ಕೆ ಸೂಚನೆ ಕೊಡುವ ಎಂಆರ್‌ಎನ್‌ಎ ಇಟ್ಟು ಕಳಿಸುವುದು ಈಗ ಕರಗತವಾಗಿದೆ. ಅದರ ಮೇಲ್ಮೈಗೆ ಮಿದುಳಿನ ರಿಸೆಪ್ಟರ್ ಹಿಡಿಯುವ ಆಂಟಿಬಾಡಿ ಅಂಟಿಸಿದರೆ ಆಯಿತಲ್ಲ?

ಡಾ. ಪ್ರಶಾಂತ್ (ಮಕ್ಕಳ ನರರೋಗ)

ಕಿರಣ್, ನಿಮ್ಮ ಪ್ರಶ್ನೆಗೆ ವಾಣಿಯೇ ಉತ್ತರಿಸಲಿ. ಅದಕ್ಕೆ ಮುಂಚೆ ಒಂದು ಮಾತು. ರಕ್ತನಾಳದ ಮೂಲಕ ಕೊಟ್ಟ ವೈರಸ್‌ನಿಂದ ಮನುಷ್ಯರಿಗೆ ಏನೂ ಪ್ರಯೋಜನ ಆಗಿಲ್ಲ ಅನ್ನುವ ಹಾಗೆ ಈ ಚರ್ಚೆ ಹೋಗುವುದು ಬೇಡ. ಆಗಿದೆ. ಬೆನ್ನುಹುರಿಯ ನರಕೋಶ ಸತ್ತು ಸ್ನಾಯು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯ ತೀವ್ರ ರೂಪದಲ್ಲಿ, ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದರು, ಇಲ್ಲವೇ ವೆಂಟಿಲೇಟರ್ ಹಿಡಿಯುತ್ತಿದ್ದರು. 2017ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಎಎವಿ9ರೊಳಗೆ ಆ ಮಕ್ಕಳಲ್ಲಿ ಇಲ್ಲದ ಎಸ್‌ಎಂಎನ್ ಜೀನ್ ಇಟ್ಟು ಒಂದೇ ಸಲ ರಕ್ತನಾಳಕ್ಕೆ ಕೊಟ್ಟರು. 15 ಮಕ್ಕಳೂ 20 ತಿಂಗಳ ವಯಸ್ಸಿನಲ್ಲಿ ಬದುಕಿದ್ದರು. ಹೆಚ್ಚಿನ ಡೋಸ್ ಪಡೆದ 12 ಮಕ್ಕಳಲ್ಲಿ 11 ಮಕ್ಕಳು ಆಸರೆ ಇಲ್ಲದೆ ಕೂತರು, ಇಬ್ಬರು ನಡೆದರು. ಈ ಕಾಯಿಲೆಯ ಮಗು ತಾನಾಗಿ ಕೂರುವುದನ್ನು ನಮ್ಮ ಹಿರಿಯ ವೈದ್ಯರು ಯಾರೂ ನೋಡಿರಲಿಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಝೋಲ್‌ಜೆನ್ಸ್‌ಮಾ ಹೆಸರಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, ಎರಡು ವರ್ಷದೊಳಗಿನ ಮಕ್ಕಳಿಗೆ.

ಆದರೆ ಅದರ ಡೋಸ್ ನೋಡಿ. ಒಂದು ಕೆಜಿ ತೂಕಕ್ಕೆ 110 ಲಕ್ಷ ಕೋಟಿ ವೈರಸ್ ಕಣ. 10 ಕೆಜಿಯ ಮಗುವಿಗೆ 1,100 ಲಕ್ಷ ಕೋಟಿ. ಇಷ್ಟು ಸುರಿಯಬೇಕಾಗಿರುವುದು ಯಾಕೆಂದರೆ ಎಎವಿ9 ಈ ತಡೆಯನ್ನು ದಾಟುವುದರಲ್ಲಿ ಜಾಣನಲ್ಲ. ಬಹುಪಾಲು ಲಿವರ್‌ಗೆ ಹೋಗುತ್ತದೆ. ನಾವು ಮುಂಚಿನ ದಿನದಿಂದಲೇ ಸ್ಟೀರಾಯ್ಡ್ ಶುರು ಮಾಡಿ ಕನಿಷ್ಠ ಮೂರು ತಿಂಗಳು ಲಿವರ್ ಪರೀಕ್ಷೆಯ ವರದಿ ಕಾಯುತ್ತಾ ಕೂರುತ್ತೇವೆ. 2022ರಲ್ಲಿ ಲಿವರ್ ಕೈಕೊಟ್ಟು ಇಬ್ಬರು ಮಕ್ಕಳು ತೀರಿಕೊಂಡರು. ಬೇರೊಂದು ಸ್ನಾಯು ಕಾಯಿಲೆಗೆ ಇನ್ನೊಂದು ಬಗೆಯ ಎಎವಿಯನ್ನು ಇನ್ನೂ ದೊಡ್ಡ ಡೋಸಿನಲ್ಲಿ ಕೊಟ್ಟ ಪ್ರಯೋಗದಲ್ಲಿ 2020-21ರಲ್ಲಿ ನಾಲ್ಕು ಮಕ್ಕಳು ಹೋದರು.

ಇದಕ್ಕೆ ಹೋಲಿಸಿ ಇನ್ನೊಂದು ಕಾಯಿಲೆ ಹೇಳುತ್ತೇನೆ, ಎಎಡಿಸಿ ಕೊರತೆ. ಡೋಪಮಿನ್ ತಯಾರಿಸುವ ಕಿಣ್ವವೇ ಇಲ್ಲದ ಮಕ್ಕಳು. ಅಲ್ಲಿ ನರಶಸ್ತ್ರತಜ್ಞರು ತಲೆಬುರುಡೆಗೆ ರಂಧ್ರ ಕೊರೆದು, ಮಿದುಳಿನ ಪುಟಮೆನ್ ಎಂಬ ಭಾಗಕ್ಕೆ ಎರಡೂ ಕಡೆ ಸೇರಿ ನಾಲ್ಕು ಜಾಗದಲ್ಲಿ ಎಎವಿ2 ಬಿಡುತ್ತಾರೆ. ಒಟ್ಟು ಡೋಸ್ 18,000 ಕೋಟಿ ಕಣ. ಲೆಕ್ಕ ಹಾಕಿ ನೋಡಿ, ರಕ್ತನಾಳದ ದಾರಿಯಲ್ಲಿ 10 ಕೆಜಿ ಮಗುವಿಗೆ ಬೇಕಾದದ್ದರ ಆರು ಸಾವಿರದಲ್ಲಿ ಒಂದು ಪಾಲು! ತಡೆಗೋಡೆ ದಾಟುವ ಗೋಜೇ ಇಲ್ಲ, ಲಿವರ್‌ಗೆ ಏನೂ ಹೋಗುವುದಿಲ್ಲ ಅನ್ನಬಹುದು. ಯೂರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿತು. ತಲೆ ಎತ್ತಲಾಗದ ಮಕ್ಕಳು ಕೂರುವುದು, ನಿಲ್ಲುವುದು ಕಲಿತಿದ್ದಾರೆ.

ಹಾಗಾದರೆ ಎಲ್ಲದಕ್ಕೂ ತಲೆಗೇ ಚುಚ್ಚಬಹುದಲ್ಲ ಅಂತ ತಂದೆತಾಯಿ ಕೇಳುತ್ತಾರೆ. ಕಾಯಿಲೆ ಮಿದುಳಿನ ಒಂದು ಚಿಕ್ಕ ಭಾಗದಲ್ಲಿದ್ದರೆ ಸರಿ. ಮಿದುಳಿನ ಹೊರಪದರ ಅಂದರೆ ಇಡೀ ಕಾರ್ಟೆಕ್ಸ್‌ನಲ್ಲಿ ಹರಡಿದ್ದರೆ ಎಷ್ಟು ಕಡೆ ಕೊರೆಯುವುದು?

ಹರೀಶ್ (ಮೆಡಿಕಲ್ ಫಿಸಿಕ್ಸ್)

ಡಾಕ್ಟ್ರೇ, ನಡುವಿನ ದಾರಿ ಒಂದಿದೆಯಲ್ಲ. ಕೊರೆಯದೆಯೇ ಬೇಕಾದ ಕಡೆ ಮಾತ್ರ ತಡೆಯನ್ನು ಸ್ವಲ್ಪ ಹೊತ್ತು ತೆರೆಯುವುದು. ನಾನು ಕೆಲಸ ಮಾಡುವುದು ಅದರಲ್ಲೇ, ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ.

ತಲೆಗೆ ಹೆಲ್ಮೆಟ್ಟಿನಂಥ ಒಂದು ಬಟ್ಟಲು ಕೂರಿಸುತ್ತೇವೆ, ಅದರ ಒಳಮೈ ತುಂಬಾ 1,024 ಅಲ್ಟ್ರಾಸೌಂಡ್ ಮೂಲಗಳು. ತಲೆಬುರುಡೆ ಒಂದೊಂದು ಕಡೆ ಒಂದೊಂದು ದಪ್ಪ ಇರುವುದರಿಂದ ಅಲೆಗಳು ದಾರಿಯಲ್ಲಿ ಹಿಂದುಮುಂದಾಗುತ್ತವೆ. ಸಿಟಿ ಸ್ಕ್ಯಾನಿನಿಂದ ಬುರುಡೆಯ ದಪ್ಪ ಅಳೆದು ಪ್ರತಿ ಮೂಲದ ಸಮಯವನ್ನೂ ಬೇರೆಬೇರೆಯಾಗಿ ಹೊಂದಿಸಿದ ಮೇಲೆಯೇ ಎಲ್ಲವೂ ಒಂದು ಬಿಂದುವಿನಲ್ಲಿ ಸೇರುವುದು. ರೋಗಿ ಎಂಆರ್‌ಐ ಒಳಗೆ ಮಲಗಿರುತ್ತಾರೆ. ರಕ್ತಕ್ಕೆ ಕೆಲವೇ ಮೈಕ್ರೋಮೀಟರ್ ಗಾತ್ರದ ಅನಿಲದ ಗುಳ್ಳೆಗಳನ್ನು ಬಿಡುತ್ತೇವೆ. 220 ಕಿಲೋಹರ್ಟ್ಸ್ ಅಲೆ ಬಂದು ತಾಗಿದಲ್ಲಿ ಆ ಗುಳ್ಳೆಗಳು ಹಿಗ್ಗುತ್ತಾ ಕುಗ್ಗುತ್ತಾ ಲೋಮನಾಳದ ಗೋಡೆಯನ್ನು ಒಳಗಿಂದ ತಳ್ಳುತ್ತವೆ, ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ಆಮೇಲೆ ಸ್ಕ್ಯಾನಿನಲ್ಲಿ ಎದ್ದು ಕಾಣುವ ಗ್ಯಾಡೋಲಿನಿಯಂ ಕೊಟ್ಟು ಇನ್ನೊಂದು ಸ್ಕ್ಯಾನ್ ತೆಗೆದರೆ ತೆರೆದ ಜಾಗ ಮಾತ್ರ ಬೆಳ್ಳಗೆ ಕಾಣುತ್ತದೆ. ನಮ್ಮ ಕೋಣೆಯಲ್ಲಿ ಎಲ್ಲರೂ ಉಸಿರು ಹಿಡಿದು ನೋಡುವುದು ಆ ಚಿತ್ರವನ್ನೇ. ಸಾಮಾನ್ಯವಾಗಿ ಒಂದು ದಿನದೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಹೈನಿನೆನ್ ತಂಡ ಮೊಲದಲ್ಲಿ ಇದನ್ನು ತೋರಿಸಿದ್ದು 2001ರಲ್ಲಿ. ಆಲ್ಝೈಮರ್ ರೋಗಿಗಳಲ್ಲಿ ಸುರಕ್ಷಿತವಾಗಿ ಮಾಡಬಹುದು ಅಂತ ಟೊರಾಂಟೊದಿಂದ 2018ರಲ್ಲಿ ವರದಿ ಬಂತು. 2024ರಲ್ಲಿ ಅಡುಕಾನುಮ್ಯಾಬ್ ಎಂಬ ಆಂಟಿಬಾಡಿ ಜೊತೆ ಸೇರಿಸಿ ಮಾಡಿದಾಗ, ತೆರೆದ ಕಡೆ ಆ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನ್ ಬೇಗ ಇಳಿಯಿತು. ಎಎವಿ ಜೊತೆಗೆ ಕೋತಿಗಳಲ್ಲಿ ಪ್ರಯೋಗ ನಡೆದಿದೆ, ತೆರೆದ ಭಾಗದ ನರಕೋಶಗಳಲ್ಲಿ ಜೀನ್ ಕೆಲಸ ಮಾಡಿದೆ.

ವಾಣಿ (ನರವಿಜ್ಞಾನ)

ಹರೀಶ್ ಸರ್, ಆ ಸ್ಕ್ಯಾನಿನ ವಿವರಕ್ಕೆ ಥ್ಯಾಂಕ್ಸ್. ಒಂದು ಸಂದೇಹ ಮಾತ್ರ ಇದೆ. ಬಾಗಿಲು ತೆರೆದಿದ್ದು ಮಿದುಳಿನ ಒಂದು ಮೂಲೆಯಲ್ಲಿ, ಆದರೆ ವೈರಸ್ ಸುತ್ತುತ್ತಿರುವುದು ಇಡೀ ರಕ್ತದಲ್ಲಿ. ಲಿವರ್‌ಗೆ ಹೋಗುವ ಪಾಲು ಕಡಿಮೆ ಆಗುವುದಿಲ್ಲ. ತೆರೆದ ಜಾಗದಲ್ಲಿ ವೈರಸ್ ಜೊತೆಗೆ ಆಲ್ಬುಮಿನ್ ಮೊದಲಾದ ರಕ್ತದ ಪ್ರೋಟೀನುಗಳೂ ನುಗ್ಗುತ್ತವೆ, ಅವು ಮಿದುಳಿಗೆ ಒಗ್ಗುವಂಥವಲ್ಲ.

ಕಿರಣ್, ನಿಮ್ಮ ನ್ಯಾನೊಕಣದ ಪ್ರಶ್ನೆ ನನಗೆ ಬಹಳ ಇಷ್ಟದ್ದು. ಎರಡು ಅಡ್ಡಿ ಇವೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: ರಕ್ತಕ್ಕೆ ಹೋದ ಕೂಡಲೇ ಈ ಕಣಗಳ ಮೇಲೆ ಅಪೋಇ ಎಂಬ ಪ್ರೋಟೀನ್ ಅಂಟಿಕೊಳ್ಳುತ್ತದೆ, ಲಿವರ್ ಅದನ್ನು ಕೊಬ್ಬು ಅಂದುಕೊಂಡು ಎಳೆದುಕೊಳ್ಳುತ್ತದೆ. 2018ರಲ್ಲಿ ಬಂದ, ಇಂಥದೇ ಕಣದಲ್ಲಿಟ್ಟು ಕೊಡುವ ಪ್ಯಾಟಿಸಿರಾನ್ ಎಂಬ ಔಷಧ ಗೆದ್ದದ್ದೇ ಈ ಗುಣದಿಂದ, ಅದಕ್ಕೆ ಬೇಕಿದ್ದದ್ದು ಲಿವರ್ರೇ. ಎರಡನೆಯದರ ಬಗ್ಗೆ ಜನ ಮಾತಾಡುವುದು ಕಡಿಮೆ. ಲೋಮನಾಳದ ಗೋಡೆ ದಾಟಿದಿರಿ ಅಂತಲೇ ಇಟ್ಟುಕೊಳ್ಳಿ. ಆಚೆ ಏನಿದೆ? ಮಿದುಳಿನ ಕೋಶಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ನಡುವಿನ ಸಂದಿ ಎಷ್ಟಿರಬಹುದು ಅಂತ ಥಾರ್ನ್, ನಿಕೋಲ್ಸನ್ 2006ರಲ್ಲಿ ಜೀವಂತ ಇಲಿಯ ಕಾರ್ಟೆಕ್ಸ್‌ನಲ್ಲಿ ಅಳೆದರು: 38ರಿಂದ 64 ನ್ಯಾನೊಮೀಟರ್. ನಿಮ್ಮ ಕೊಬ್ಬಿನ ಕಣ 80ರಿಂದ 100 ನ್ಯಾನೊಮೀಟರ್. ಎಎವಿ 25. ನಾನು ಇನ್ನೂ ವೈರಸ್ ಹಿಡಿದುಕೊಂಡಿರುವುದಕ್ಕೆ ಈ ಮೂರು ಅಂಕಿಗಳೇ ಮುಖ್ಯ ಕಾರಣ.

ಕಿರಣ್

ಸಂದಿಯ ಮಾತು ಒಪ್ಪುತ್ತೇನೆ, ಆದರೆ ಮೇಡಂ, ಕಣ ಚಿಕ್ಕದು ಮಾಡುವುದು ಆಗದ ಕೆಲಸವೇನಲ್ಲ. ಜೀನ್ ತಿದ್ದುವ ಸಾಧನವಾದ ಕ್ರಿಸ್ಪರ್‌ನ ವಿಷಯ ನೋಡಿ. ಎಎವಿಯೊಳಗೆ ಹಿಡಿಯುವುದು ಸುಮಾರು 4,700 ಅಕ್ಷರಗಳ ಡಿಎನ್‌ಎ. ಕ್ರಿಸ್ಪರ್ ಕತ್ತರಿಯಾದ ಕ್ಯಾಸ್9 ಒಂದಕ್ಕೇ 4,100 ಬೇಕು, ಉಳಿದದ್ದಕ್ಕೆ ಜಾಗವೆಲ್ಲಿ? ಅಲ್ಲದೆ ಎಎವಿ ನರಕೋಶದಲ್ಲಿ ವರ್ಷಗಟ್ಟಲೆ ಕೂತು ಕ್ಯಾಸ್9 ತಯಾರಿಸುತ್ತಲೇ ಇರುತ್ತದೆ, ಕೆಲಸ ಮುಗಿದ ಮೇಲೂ ಕತ್ತರಿ ಅಲ್ಲೇ ಓಡಾಡುತ್ತಿರುತ್ತದೆ. ಎಂಆರ್‌ಎನ್‌ಎ ಆದರೆ ಬಂದು, ತಿದ್ದಿ, ಕರಗಿಹೋಗುತ್ತದೆ. ಜೀನ್ ತಿದ್ದುವ ಕೆಲಸಕ್ಕೆ ವೈರಸ್ ತಪ್ಪು ವಾಹನ ಅನ್ನುವ ನನ್ನ ಮಾತನ್ನು ನಾನು ಬಿಡುವುದಿಲ್ಲ.

ವಾಣಿ (ನರವಿಜ್ಞಾನ)

ತಿದ್ದುವ ಕೆಲಸಕ್ಕೆ ನಿಮ್ಮ ವಾದದಲ್ಲಿ ಹುರುಳಿದೆ. ಇಲ್ಲದ ಜೀನನ್ನು ಜೀವನಪೂರ್ತಿ ಒದಗಿಸುವ ಕೆಲಸಕ್ಕೆ ಅದೇ ‘ವರ್ಷಗಟ್ಟಲೆ ಕೂರುವ’ ಗುಣ ಬೇಕು.

ಆಂಟಿಬಾಡಿ ಅಂಟಿಸುವ ಬಗ್ಗೆ ಕೇಳಿದ್ದಿರಿ. ಮಿದುಳಿಗೆ ಕಬ್ಬಿಣ ಬೇಕು, ಅದನ್ನು ಒಳಗೆ ಕರೆದೊಯ್ಯಲು ಲೋಮನಾಳದ ಮೇಲೆ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಇದೆ. 1991ರಿಂದಲೇ ಅದರ ಬೆನ್ನೇರಿ ಒಳಹೋಗುವ ಯತ್ನ ನಡೆದಿತ್ತು. ಜನ ಸಹಜವಾಗಿ ಬಿಗಿಯಾಗಿ ಹಿಡಿಯುವ ಆಂಟಿಬಾಡಿಗಳನ್ನೇ ಆರಿಸುತ್ತಿದ್ದರು. 2011ರಲ್ಲಿ ಜೆನೆನ್‌ಟೆಕ್‌ನವರು ತೋರಿಸಿದ್ದು ಇದಕ್ಕೆ ತದ್ವಿರುದ್ಧ: ಹಿಡಿತ ಸಡಿಲ ಮಾಡಿದಷ್ಟೂ ಮಿದುಳಿನೊಳಗೆ ಹೆಚ್ಚು ಸಿಗುತ್ತದೆ. ಬಿಗಿ ಹಿಡಿತದ್ದು ಆಚೆ ದಡ ಮುಟ್ಟಿದರೂ ರಿಸೆಪ್ಟರನ್ನು ಬಿಡುವುದಿಲ್ಲ, ಎಂಡೋಥೀಲಿಯಲ್ ಕೋಶದೊಳಗೇ ಉಳಿದು ರಿಸೆಪ್ಟರ್ ಸಮೇತ ಅಲ್ಲೇ ಜೀರ್ಣವಾಗಿಹೋಗುತ್ತದೆ. ಈ ದಾರಿಯಲ್ಲಿ ಕಿಣ್ವ ಕಳಿಸುವ ಔಷಧವೊಂದಕ್ಕೆ ಹುಟ್ಟಿನಿಂದ ಒಂದು ಕಿಣ್ವದ ಕೊರತೆಯಿರುವ ಹಂಟರ್ ಸಿಂಡ್ರೋಮ್‌ಗಾಗಿ ಜಪಾನಿನಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಡಿಎನ್‌ಎಯ ಚಿಕ್ಕ ತುಣುಕುಗಳನ್ನು ಇದೇ ರಿಸೆಪ್ಟರ್ ಮೂಲಕ ಮಿದುಳಿನ ಆಳದವರೆಗೂ ಸಮನಾಗಿ ಕಳಿಸಬಹುದು ಅಂತ 2024ರಲ್ಲಿ ಇಲಿ, ಕೋತಿಗಳಲ್ಲಿ ತೋರಿಸಿದ್ದಾರೆ.

ಶ್ರೀನಿಧಿ ಅವರ ಮೂಲ ಪ್ರಶ್ನೆಗೆ ನಿಜವಾದ ಉತ್ತರ ಬರುವುದು ಇಲ್ಲಿಂದ. ಪಿಎಚ್‌ಪಿ.ಬಿ ಕಾಲದಲ್ಲಿ ಮೊದಲು ವೈರಸ್ ಆರಿಸಿ, ರಿಸೆಪ್ಟರ್ ಯಾವುದು ಅಂತ ಆಮೇಲೆ ಹುಡುಕಿದರು. ಬ್ರಾಡ್ ಸಂಸ್ಥೆಗೆ ಹೋದ ಡೆವರ್ಮನ್ ಆ ಕ್ರಮವನ್ನೇ ತಿರುಗಿಸಿಬಿಟ್ಟರು. ಮನುಷ್ಯರ ಟ್ರಾನ್ಸ್‌ಫೆರಿನ್ ರಿಸೆಪ್ಟರನ್ನು ಮೊದಲೇ ಗುರಿಯಿಟ್ಟು, ಅದಕ್ಕೆ ಅಂಟುವ ಕವಚವನ್ನು ಪಾತ್ರೆಯಲ್ಲೇ ಹೆಕ್ಕಿದರು. 2024ರಲ್ಲಿ ಪ್ರಕಟವಾದ ಆ ಕವಚದ ಹೆಸರು ಬಿಐ-ಎಚ್‌ಟಿಎಫ್‌ಆರ್1. ಮನುಷ್ಯರ ರಿಸೆಪ್ಟರ್ ಜೀನ್ ಹಾಕಿದ ಇಲಿಯಲ್ಲಿ ಎಎವಿ9ಗಿಂತ 40ರಿಂದ 50 ಪಟ್ಟು. ಮಾಮೂಲಿ ಇಲಿಯಲ್ಲಿ ಆ ಲಾಭ ಇಲ್ಲ, ಇರಬಾರದು ಕೂಡ! 2016ರ ಆ 40 ಪಟ್ಟಿಗಿಂತ ಈ 40 ಪಟ್ಟನ್ನು ನಾನು ಎಷ್ಟೋ ಹೆಚ್ಚು ನಂಬುತ್ತೇನೆ, ಯಾಕೆಂದರೆ ಅದು ಹಿಡಿಯುವ ಪ್ರೋಟೀನ್ ನಮ್ಮ ನಿಮ್ಮ ಮಿದುಳಿನಲ್ಲಿ ಖಂಡಿತ ಇದೆ. ಇನ್ನೊಂದು ತಂಡ ಕಂಡುಕೊಂಡ ಎಎಲ್‌ಪಿಎಲ್ ಎಂಬ ರಿಸೆಪ್ಟರ್ ಇಲಿ, ಕೋತಿ, ಮನುಷ್ಯ ಮೂರರಲ್ಲೂ ಇದೆ, ಹಾಗಾಗಿ ಪ್ರಾಣಿಯ ಫಲಿತಾಂಶದಿಂದ ಮನುಷ್ಯರ ಡೋಸ್ ಊಹಿಸುವುದು ಸುಲಭ.

ಮಂಗಳಾ

ನಾನು ಇಲ್ಲಿ ಬರೀ ಓದುವವಳು, ಬರೆಯುವುದು ಕಡಿಮೆ. ನನ್ನ ಮಗಳಿಗೆ ರೆಟ್ ಸಿಂಡ್ರೋಮ್. ನಡೆಯುತ್ತಿದ್ದಳು, ನಾಲ್ಕಾರು ಮಾತು ಬರುತ್ತಿತ್ತು, ಎರಡೂ ಹೋಯಿತು. ಈಗ ಕಣ್ಣಲ್ಲೇ ಎಲ್ಲ ಹೇಳುತ್ತಾಳೆ. ಒಂದೇ ಜೀನ್ ಕೆಟ್ಟಿರುವುದು, ಎಂಇಸಿಪಿ2. ನೀವೆಲ್ಲ ಹೇಳುವ ಕವಚ ಮಿದುಳಿಗೆ ಅಷ್ಟು ಚೆನ್ನಾಗಿ ತಲುಪುವುದಾದರೆ ಆ ಒಂದು ಜೀನನ್ನು ಹಾಕಿ ಕೊಡುವುದಕ್ಕೆ ಏನಡ್ಡಿ? ಪ್ರಯೋಗಕ್ಕೆ ಹೆಸರು ಕೊಡಬೇಕಾ, ಕಾಯಬೇಕಾ ಅನ್ನೋದು ಮನೆಯಲ್ಲಿ ದಿನಾ ಮಾತು. ಒಂದು ಕಡೆ ಕೇಳಿದರೆ ಆಂಟಿಬಾಡಿ ಇದ್ದರೆ ಆಗುವುದಿಲ್ಲ ಅಂದರು, ಅದೇನು ಅಂತ ವಿವರಿಸಲೂ ಅವರಿಗೆ ಪುರುಸೊತ್ತಿರಲಿಲ್ಲ.

ಲಲಿತಾ

ಮಂಗಳಾ ಅಕ್ಕ, ಬರೆದದ್ದು ಒಳ್ಳೆಯದಾಯಿತು. ಡಾಕ್ಟರ್ ಉತ್ತರಿಸುವುದರೊಳಗೆ ಒಂದು ಸೇರಿಸುತ್ತೇನೆ. ನಾನು ಅಸ್ಥಿಮಜ್ಜೆ ಕಸಿ ವಿಭಾಗದಲ್ಲಿ ನರ್ಸ್. ಮೆಟಾಕ್ರೊಮ್ಯಾಟಿಕ್ ಲ್ಯುಕೋಡಿಸ್ಟ್ರೊಫಿ ಎಂಬ ಕಾಯಿಲೆಯಲ್ಲಿ ಮಗುವಿನದೇ ರಕ್ತದ ಕಾಂಡಕೋಶ ತೆಗೆದು, ಹೊರಗೆ ಜೀನ್ ಸೇರಿಸಿ ವಾಪಸ್ ಕೊಡುತ್ತಾರೆ. ಅವುಗಳ ಮರಿಕೋಶಗಳು ರಕ್ತದಿಂದ ಮಿದುಳಿಗೆ ಹೋಗಿ ಮಿದುಳಿನ ರಕ್ಷಣಾಕೋಶಗಳಾದ ಮೈಕ್ರೋಗ್ಲಿಯಾದಂತೆ ನೆಲೆಸಿ, ಇಲ್ಲದ ಕಿಣ್ವವನ್ನು ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಯೂರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿದೆ. ರೆಟ್‌ಗೆ ಇದು ಒದಗುವುದಿಲ್ಲ, ಯಾಕೆಂದರೆ ಎಂಇಸಿಪಿ2 ಕೋಶದೊಳಗೇ ಕೆಲಸ ಮಾಡುವ ಪ್ರೋಟೀನ್, ಪಕ್ಕದ ಕೋಶ ಕೊಡಲು ಬರುವುದಿಲ್ಲ.

ಡಾ. ಪ್ರಶಾಂತ್ (ಮಕ್ಕಳ ನರರೋಗ)

ಮಂಗಳಾ ಅವರೇ, ನಿಮ್ಮ ಪ್ರಶ್ನೆಯನ್ನು ಪ್ರಯೋಗ ನಡೆಸುವವರೂ ಪ್ರತಿದಿನ ಕೇಳಿಕೊಳ್ಳುತ್ತಿದ್ದಾರೆ.

ಎಂಇಸಿಪಿ2 ಕಡಿಮೆಯಾದರೆ ರೆಟ್. ಅದೇ ಜೀನ್ ಎರಡು ಪ್ರತಿ ಆದರೂ ಕಾಯಿಲೆ, ಎಂಇಸಿಪಿ2 ಡುಪ್ಲಿಕೇಶನ್ ಅಂತ ಬೇರೆಯೇ ಒಂದು ಗಂಭೀರ ಸ್ಥಿತಿ ಇದೆ. ಇನ್ನೊಂದು ವಿಷಯ, ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣುಮಕ್ಕಳ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮಲಗಿರುತ್ತದೆ. ಹಾಗಾಗಿ ನಿಮ್ಮ ಮಗಳ ನರಕೋಶಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸರಿಯಾಗಿಯೇ ಇವೆ, ಪಕ್ಕದ್ದರಲ್ಲಿ ಇಲ್ಲ. ವೈರಸ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸರಿಯಿರುವ ಕೋಶಕ್ಕೂ ಇನ್ನೊಂದು ಪ್ರತಿ ಸೇರಿಸಿಬಿಡುತ್ತದೆ. ಆದ್ದರಿಂದ ಈಗ ನಡೆಯುತ್ತಿರುವ ಪ್ರಯೋಗಗಳಲ್ಲಿ ಜೀನ್ ಜೊತೆಗೆ, ಪ್ರಮಾಣ ಹೆಚ್ಚಾದರೆ ತಾನೇ ತಗ್ಗಿಸಿಕೊಳ್ಳುವ ಕಟ್ಟುಪಾಡನ್ನೂ ಡಿಎನ್‌ಎಯಲ್ಲೇ ಬರೆದಿದ್ದಾರೆ. ಕೊಡುವುದು ರಕ್ತನಾಳಕ್ಕಲ್ಲ, ಒಂದರಲ್ಲಿ ಬೆನ್ನುಹುರಿಯ ದ್ರವಕ್ಕೆ, ಇನ್ನೊಂದರಲ್ಲಿ ಮಿದುಳಿನ ಕುಹರಕ್ಕೆ. ಎರಡನೆಯದರಲ್ಲಿ ಹೆಚ್ಚಿನ ಡೋಸ್ ಪಡೆದ ಒಬ್ಬ ರೋಗಿ 2024ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಮಿತಿಮೀರಿ ಕೆರಳಿ ತೀರಿಕೊಂಡರು. ಆ ಡೋಸನ್ನು ಕೈಬಿಟ್ಟು ಕಡಿಮೆ ಡೋಸಿನಲ್ಲಿ ಮುಂದುವರಿಸಿದ್ದಾರೆ.

ಹೊಸ ಕವಚಗಳ ಬಗ್ಗೆ ನನಗೂ ವಾಣಿಯಷ್ಟೇ ಆಸೆ ಇದೆ. ಆದರೂ ಇದನ್ನು ಇಲ್ಲಿ ಹೇಳಲೇಬೇಕು: ರಕ್ತನಾಳದ ಮೂಲಕ ಮಿದುಳು ಮುಟ್ಟುವಂತೆ ಹೊಸದಾಗಿ ರೂಪಿಸಿದ ಕವಚದ ಪ್ರಯೋಗವೊಂದರಲ್ಲಿ, ಬೇರೊಂದು ಕಾಯಿಲೆಗೆ, 2025ರಲ್ಲಿ ಮೊದಲು ಚಿಕಿತ್ಸೆ ಪಡೆದ ಮಗುವೇ ತೀರಿಕೊಂಡಿತು. ಮಿದುಳಿಗೆ ಹೆಚ್ಚು ತಲುಪುತ್ತದೆ ಅಂದರೆ ಡೋಸ್ ಇಳಿಸಬಹುದು, ಲಿವರ್ ಉಳಿಯುತ್ತದೆ ಅನ್ನೋದು ಒಂದು ಮುಖ. ತಲುಪಿದಲ್ಲಿ ಮಿದುಳು ಅದನ್ನು ಹೇಗೆ ತಾಳಿಕೊಳ್ಳುತ್ತದೆ ಅನ್ನೋದು ಇನ್ನೊಂದು. ಎರಡನೆಯದರ ಬಗ್ಗೆ ನಮ್ಮ ಅನುಭವ ಈಗಷ್ಟೇ ಶುರುವಾಗಿದೆ.

ಶ್ರೀನಿಧಿ

ಡಾಕ್ಟರೇ, ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ತಡೆಗೋಡೆಯ ಪ್ರಶ್ನೆಯೇ ಇಲ್ಲವಲ್ಲ? ಗೋಲ್ಡ್‌ಮನ್ ಬಣ್ಣದ ಹಾಗೆ?

ವಾಣಿ (ನರವಿಜ್ಞಾನ)

ಆ ತಡೆ ತಪ್ಪುತ್ತದೆ, ನಿಜ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯ ಔಷಧ ನುಸಿನೆರ್ಸೆನ್ 2016ರಲ್ಲಿ ಅದೇ ದಾರಿಯಲ್ಲಿ ಬಂತು, 12 ಮಿಲಿಗ್ರಾಂ ಬೆನ್ನಿಗೆ, ಮೊದಲ ನಾಲ್ಕು ಡೋಸ್ ಆದ ಮೇಲೆ ನಾಲ್ಕು ತಿಂಗಳಿಗೊಮ್ಮೆ. ಅದಕ್ಕೆ ಬೇಕಾದ ಕೋಶಗಳು ಬೆನ್ನುಹುರಿಯಲ್ಲೇ ಇದ್ದವು. ಮಿದುಳಿನ ವಿಷಯಕ್ಕೆ ಬಂದರೆ, ದ್ರವ ಹರಿಯುವುದು ಮೇಲ್ಮೈಯಲ್ಲಿ. ಕಾರ್ಟೆಕ್ಸಿನ ಹೊರಪದರಕ್ಕೆ ಚೆನ್ನಾಗಿ ಸಿಗುತ್ತದೆ, ಒಳಗಿನ ಪುಟಮೆನ್, ಕಾಡೇಟ್ ಭಾಗಗಳಿಗೆ ಇಳಿಯುವುದು ಕಷ್ಟ. ಲೋಮನಾಳವಾದರೆ ಮಿದುಳಿನ ಪ್ರತಿ ನರಕೋಶದ ಪಕ್ಕದಲ್ಲೇ ಇದೆ. ಇಷ್ಟು ತೊಂದರೆ ಇದ್ದರೂ ಜನ ರಕ್ತನಾಳದ ದಾರಿ ಬಿಡದಿರುವುದು ಇದಕ್ಕೇ. ಮನುಷ್ಯರ ಮಿದುಳಿನ ಲೋಮನಾಳಗಳನ್ನು ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಅಂತ ಅಂದಾಜು.

ಮಂಗಳಾ ಅಕ್ಕ, ಪ್ರಯೋಗದವರು ಸಿಕ್ಕಾಗ ಅವರು ಬಳಸುವ ಕವಚ ಯಾವ ರಿಸೆಪ್ಟರ್ ಹಿಡಿಯುತ್ತದೆ, ಅದು ಮನುಷ್ಯರಲ್ಲಿ ಇದೆ ಅಂತ ಹೇಗೆ ಗೊತ್ತು ಅಂತ ನೇರವಾಗಿ ಕೇಳಿ. ಕೋತಿಯಲ್ಲಿ ಮಿದುಳಿಗೆ ಎಷ್ಟು, ಲಿವರ್‌ಗೆ ಎಷ್ಟು, ಬೆನ್ನುಹುರಿಯ ಪಕ್ಕದ ನರಗಂಟುಗಳಿಗೆ ಎಷ್ಟು ಹೋಯಿತು ಅಂತಲೂ ಕೇಳಿ. ಆ ನರಗಂಟುಗಳಿಗೆ ಪೆಟ್ಟು ಬೀಳುವುದು ಎಎವಿಯ ಒಂದು ಹಳೆಯ ತೊಂದರೆ. ‘40 ಪಟ್ಟು’ ಅಂತ ಯಾರಾದರೂ ಹೇಳಿದರೆ ಯಾವ ಪ್ರಾಣಿಯಲ್ಲಿ, ಯಾವ ಕೋಶದಲ್ಲಿ ಅಂತ ಕೇಳದೆ ಬಿಡಬೇಡಿ. ಎಎವಿ9 ಎಳೆಯ ಇಲಿಯಲ್ಲಿ ನರಕೋಶಕ್ಕೆ ಹೋಗುತ್ತದೆ, ಬೆಳೆದ ಇಲಿಯಲ್ಲಿ ಹೆಚ್ಚಾಗಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್‌ಗಳಿಗೆ. ಮಿದುಳಿಗೆ ಹೋಯಿತು ಅಂದರಷ್ಟೇ ಸಾಲದು.

ಮಂಗಳಾ

ಬರೆದಿಟ್ಟುಕೊಂಡೆ ವಾಣಿ. ತುಂಬಾ ಉಪಕಾರ. ಡಾಕ್ಟ್ರೇ, ಆ ಆಂಟಿಬಾಡಿ ವಿಷಯ?

ಡಾ. ಪ್ರಶಾಂತ್ (ಮಕ್ಕಳ ನರರೋಗ)

ಎಎವಿ ಪ್ರಕೃತಿಯಲ್ಲಿ ಇರುವ ವೈರಸ್ಸೇ. ಕಾಯಿಲೆ ತರುವುದಿಲ್ಲ, ಆದರೆ ನಮ್ಮಲ್ಲಿ ಬಹಳಷ್ಟು ಮಂದಿಗೆ ಯಾವಾಗಲೋ ತಗುಲಿ ಹೋಗಿರುತ್ತದೆ, ದೇಹ ಅದರ ವಿರುದ್ಧ ಆಂಟಿಬಾಡಿ ಮಾಡಿಟ್ಟುಕೊಂಡಿರುತ್ತದೆ. ಔಷಧವಾಗಿ ಕೊಟ್ಟ ವೈರಸ್ ರಕ್ತಕ್ಕೆ ಬಂದಾಗ ಅದೇ ಆಂಟಿಬಾಡಿ ಹಿಡಿದು ನಿಷ್ಕ್ರಿಯ ಮಾಡುತ್ತದೆ, ಕೆಲವೊಮ್ಮೆ ಅಪಾಯಕಾರಿ ಪ್ರತಿಕ್ರಿಯೆಯೂ ಆಗಬಹುದು. ಝೋಲ್‌ಜೆನ್ಸ್‌ಮಾಗೆ ಎಎವಿ9 ಆಂಟಿಬಾಡಿಯ ಮಟ್ಟ 1:50 (ರಕ್ತದ ಮಾದರಿಯನ್ನು 50 ಪಟ್ಟು ತೆಳು ಮಾಡಿದರೂ ಕಾಣುವಷ್ಟು) ಮೀರಿರಬಾರದು ಅನ್ನುವುದು ಪ್ರಯೋಗಗಳಲ್ಲಿ ಇಟ್ಟ ಮಿತಿ. ತೀರಾ ಎಳೆಯ ಕೂಸಿನಲ್ಲಿ ಅದು ತಾಯಿಯಿಂದ ಬಂದದ್ದಾಗಿದ್ದು ತಾನಾಗಿ ಇಳಿಯಬಹುದು, ಹಾಗಾಗಿ ಮತ್ತೆ ಪರೀಕ್ಷೆ ಮಾಡುತ್ತೇವೆ. ನಿಮ್ಮ ಮಗಳ ವಯಸ್ಸಿನಲ್ಲಿ ಹಾಗೆ ಇಳಿಯುವ ನಿರೀಕ್ಷೆ ಕಡಿಮೆ. ಬೆನ್ನುಹುರಿಯ ದ್ರವದ ದಾರಿಯಲ್ಲಿ ಕೊಡುವ ಪ್ರಯೋಗಗಳಲ್ಲಿ ಮಿತಿ ಬೇರೆ ಇರಬಹುದು, ಆದ್ದರಿಂದ ಒಂದು ಕಡೆ ಆಗುವುದಿಲ್ಲ ಅಂದರೆ ಎಲ್ಲ ಕಡೆ ಆಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಯಾವ ಎಎವಿಗೆ ಪರೀಕ್ಷೆ ಮಾಡಿದರು, ಮಟ್ಟ ಎಷ್ಟು ಬಂತು, ಎರಡನ್ನೂ ಬರಹದಲ್ಲಿ ಕೇಳಿ ಪಡೆದುಕೊಳ್ಳಿ. ಬರೀ ‘ಪಾಸಿಟಿವ್’ ಅಂತ ಇದ್ದರೆ ಅದರಿಂದ ನನಗೆ ಏನೂ ಹೇಳಲಾಗುವುದಿಲ್ಲ.

ಮತ್ತೊಂದು, ಹೆಸರು ಕೊಡುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಬೇಕಾದದ್ದು. ಎಎವಿ ಒಮ್ಮೆ ಕೊಟ್ಟರೆ ಆಂಟಿಬಾಡಿ ವಿಪರೀತ ಏರುತ್ತದೆ, ವರ್ಷಗಟ್ಟಲೆ ಇಳಿಯುವುದಿಲ್ಲ. ಈಗಿನ ಸ್ಥಿತಿಯಲ್ಲಿ ಎರಡನೇ ಸಲ ಕೊಡಲಾಗುವುದಿಲ್ಲ. ವಾಣಿ ಹೇಳಿದ ಹೊಸ ಕವಚಗಳಲ್ಲೂ ಹೆಚ್ಚಿನವು ಎಎವಿ9ನ್ನೇ ತಿದ್ದಿ ಮಾಡಿದವು, ಹಾಗಾಗಿ ಈಗ ಎಎವಿ9 ಪಡೆದ ಮಗುವಿಗೆ ಮುಂದೆ ಅವೂ ಸಿಗಲಿಕ್ಕಿಲ್ಲ. ಮೊದಲ ಹಂತದ ಪ್ರಯೋಗದಲ್ಲಿ ಅತಿ ಕಡಿಮೆ ಡೋಸ್ ಗುಂಪಿಗೆ ಸೇರಿದರೆ ಪ್ರಯೋಜನ ಆಗದೆಯೇ ಆ ಒಂದು ಅವಕಾಶ ಕಳೆದುಹೋಗಬಹುದು. ಕಾಯುವುದಕ್ಕೂ ಬೆಲೆ ಇದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯಲ್ಲಿ ಒಂದೊಂದು ವಾರವೂ ನರಕೋಶ ಸಾಯುತ್ತಾ ಹೋಗುತ್ತದೆ, ಅಲ್ಲಿ ನಾನು ಕಾಯಿರಿ ಅನ್ನುವುದಿಲ್ಲ. ರೆಟ್‌ನಲ್ಲಿ ನರಕೋಶಗಳು ಸಾಯುವುದಿಲ್ಲ. 2007ರಲ್ಲಿ ಏಡ್ರಿಯನ್ ಬರ್ಡ್ ತಂಡ ಕಾಯಿಲೆ ಬಲಿತ ಇಲಿಗಳಲ್ಲಿ ಎಂಇಸಿಪಿ2 ಮತ್ತೆ ಚಾಲೂ ಮಾಡಿದಾಗ ಅವು ಬಹುಮಟ್ಟಿಗೆ ಚೇತರಿಸಿಕೊಂಡವು. ಆದ್ದರಿಂದ ನಿಮಗೆ ಯೋಚಿಸಲು ಸಮಯವಿದೆ. ನೀವು ಹೆಸರು ಕೊಡಬೇಕೆಂದಿರುವ ಪ್ರಯೋಗದಲ್ಲಿ ಯಾವ ಡೋಸ್ ಗುಂಪು ತೆರೆದಿದೆ ಅಂತ ಮೊದಲು ತಿಳಿದುಕೊಳ್ಳಿ, ಆಂಟಿಬಾಡಿ ವರದಿ ಬಂದ ಮೇಲೆ ನನಗೆ ಖಾಸಗಿಯಾಗಿ ಬರೆಯಿರಿ, ಒಟ್ಟಿಗೆ ಓದೋಣ.